ಎದುರು ಹೊಲ

ಫೋಟೊದಲ್ಲಿ ಹದಿನೆಂಟು ಮಕ್ಕಳಿದ್ದರು, ಒಬ್ಬರ ಮುಖವೂ ಕಾಣುತ್ತಿರಲಿಲ್ಲ. ಹಿಂದೆ ಸೂರ್ಯಕಾಂತಿಯ ಹೊಲ, ಅದರ ಮೇಲೆ ಕಣ್ಣು ಕುಕ್ಕುವ ಬೆಳಕು, ಮುಂದೆ ಸಾಲಾಗಿ ನಿಂತ ಕಪ್ಪು ಆಕಾರಗಳು. ಹೆಡ್‌ಮಾಸ್ಟರ್ ಗುರುಪಾದಸ್ವಾಮಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಲ್ಯಾಪ್‌ಟಾಪಿಗೆ ಬಗ್ಗಿದರು. ಕನ್ನಡಕದ ತಪ್ಪೇನೂ ಇರಲಿಲ್ಲ.

"ಇದರಲ್ಲಿ ನಾನೆಲ್ಲಿದ್ದೀನಿ?"

"ಎಡಗಡೆ ಸಾ, ಉದ್ದಕ್ಕಿರೋದು," ಎಂದಳು ಶಿವರಂಜಿನಿ.

ಕನ್ನಡ ಟೀಚರ್ ನಾಗರತ್ನ ನಗು ತಡೆಯಲು ಕಿಟಕಿಯ ಕಡೆ ತಿರುಗಿಕೊಂಡರು.

ಒಂಬತ್ತನೇ ಕ್ಲಾಸಿನ ಶಿವರಂಜಿನಿಯ ಅಕ್ಷರ ದುಂಡಗಿದ್ದುದರಿಂದ ಅವಳನ್ನು ಸಂಪಾದಕ ಮಂಡಳಿಗೆ ಸೇರಿಸಿಕೊಂಡಿದ್ದರು. ಮಂಡಳಿ ಎಂದರೆ ಐದು ಮಕ್ಕಳು ಮತ್ತು ನಾಗರತ್ನ ಮಿಸ್ಸು, ಅಷ್ಟೇ. ಶಾಲೆ ಹುಟ್ಟಿದ ಮೇಲೆ ಮೊದಲ ಸಲ ಪತ್ರಿಕೆಯೊಂದು ಬರುತ್ತಿತ್ತು. 'ಮೊಳಕೆ' ಎಂದು ಹೆಸರಿಟ್ಟಾಗಿತ್ತು, ಚಾಮರಾಜನಗರದ ಪ್ರೆಸ್ಸಿನಲ್ಲಿ ಮಾತಾಡಿಯಾಗಿತ್ತು, ಶಿಕ್ಷಕರ ದಿನಾಚರಣೆಗೆ ಬಿಡುಗಡೆ ಎಂದು ಗೊತ್ತುಮಾಡಿಯೂ ಆಗಿತ್ತು. ಮುಖಪುಟ ಮಾತ್ರ ಸೂರ್ಯಕಾಂತಿಯದೇ ಆಗಬೇಕೆಂದು ಹೆಡ್‌ಮಾಸ್ಟರರ ಹಟ. "ಕೇರಳದವರು ಅಷ್ಟು ದೂರದಿಂದ ಕಾರು ಮಾಡ್ಕೊಂಡು ಬಂದು ನಮ್ಮೂರ ಹೂವಿನ ಮುಂದೆ ಫೋಟೊ ಹೊಡ್ಕೊಂಡು ಹೋಗ್ತಾರೆ. ನಮ್ಮ ಮಕ್ಕಳದು ಅಂತ ಒಂದು ಫೋಟೊ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ," ಎಂದು ಪ್ರಾರ್ಥನೆಯ ಹೊತ್ತಿನಲ್ಲೇ ಹೇಳಿದ್ದರು.

ಹೇಳಿದ್ದು ಸರಿಯೇ. ಆದರೆ ಪಾಠ ಕೆಡಬಾರದೆಂದು ಫೋಟೊವನ್ನು ಶನಿವಾರ ಸಂಜೆ ನಾಲ್ಕಕ್ಕೆ ಇಟ್ಟಿದ್ದರು. ಬೆಳೆ ಬೆಳೆದು ಗೊತ್ತಿದ್ದವರು ಯಾರೂ ಹಾಗೆ ಮಾಡುವುದಿಲ್ಲ. ಸೂರ್ಯಕಾಂತಿ ಮೊಗ್ಗಾಗಿರುವಾಗ ಸೂರ್ಯನ ಹಿಂದೆ ಸುತ್ತುತ್ತದೆಯೇ ಹೊರತು, ಅರಳಿದ ಮೇಲೆ ಮೂಡಲಿಗೆ ಮುಖ ಮಾಡಿ ನಿಂತದ್ದು ನಿಂತಂತೆಯೇ. ಹೂವಿನ ಮುಖ ಬೇಕೆಂದರೆ ಪಡುವಲ ಕಡೆ ನೋಡಿಕೊಂಡು ಫೋಟೊ ತೆಗೆಯಬೇಕು. ಸಂಜೆ ಹಾಗೆ ತೆಗೆದರೆ ಎದುರಿಗೆ ಸೂರ್ಯ. ಹದಿನೆಂಟು ಮಕ್ಕಳಿಗೂ ಇದು ಗೊತ್ತಿತ್ತು, ಹೆಡ್‌ಮಾಸ್ಟರಿಗೆ ಹೇಳುವವರು ಯಾರು? ಫೋಟೊ ತೆಗೆದ ಶಿವಶಂಕರ ಚಾಮರಾಜನಗರದಲ್ಲಿ ಸ್ಟುಡಿಯೊ ಇಟ್ಟವನು. ಅವನಿಗೆ ಗೊತ್ತಿದ್ದರೂ ಬಸ್ಸು ಹಿಡಿಯುವ ಅವಸರ. ಚಿತ್ರಗಳನ್ನು ತೆಗೆದುಕೊಂಡು ಇವತ್ತು ಬಂದದ್ದು ಹದಿನೈದು ದಿನ ಬಿಟ್ಟು.

"ಇನ್ನೊಂದು ಸಲ ತೆಗೆಸೋಣ ಬಿಡಿ ಸಾರ್, ಬೆಳಿಗ್ಗೆ ಹೊತ್ತು," ಎಂದರು ನಾಗರತ್ನ.

"ಎಲ್ಲಿ ತೆಗೆಸ್ತೀರಮ್ಮ? ಬರ್ತಾ ಬಸ್ಸಿಂದ ನೋಡಿದೆ. ಆವತ್ತು ನಿಂತಿದ್ದ ಮರಿಮಲ್ಲಪ್ಪನವರ ಹೊಲದಲ್ಲಿ ಹೂವೆಲ್ಲ ತಲೆ ಬಗ್ಗಿಸಿವೆ. ಕಾಳು ಕಟ್ಟಿದ ಮೇಲೆ ಇನ್ನೇನು ಫೋಟೊ?"

ಶಿವರಂಜಿನಿ ಎದ್ದು ನಿಂತಳು. ಈ ಮಾತನ್ನು ಅವಳು ಎಷ್ಟೋ ದಿನದಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳು. "ನಮ್ಮ ಹೊಲ್ದಲ್ಲಿ ಈಗ ಬಿಟ್ಟದೆ ಸಾ."

"ನಿಮ್ಮದು ಯಾವುದು?"

ಅವಳು ಹೇಳುವ ಮೊದಲೇ ಪಕ್ಕದ ಹುಡುಗ ಉತ್ತರ ಕೊಟ್ಟ. "ಮರಿಮಲ್ಲಪ್ಪೋರ ಹೊಲದ ಎದುರುಗಡೇದು ಸಾ."

ಇದೇ ಅವಳಿಗೆ ಉರಿಯುತ್ತಿದ್ದುದು. ಅವಳ ತಾತ ದೊಡ್ಡಮಾದಯ್ಯನಿಗೆ ಸರ್ಕಾರದಿಂದ ಮಂಜೂರಾದ ಒಂದೂವರೆ ಎಕರೆ ಅದು. ಕಲ್ಲು ಆಯ್ದು, ಲಾಂಟಾನ ಕಿತ್ತು, ಹೊಲವೆನ್ನುವ ಹಾಗೆ ಮಾಡಿದ್ದು ತಾತ ಮತ್ತು ಅಜ್ಜಿ ಮೂಗಮ್ಮ. ತಾತ ಸತ್ತು ಆರು ವರ್ಷವಾದರೂ ಪಹಣಿಯಲ್ಲಿ ಇನ್ನೂ ಅವನ ಹೆಸರೇ ಇತ್ತು. ಊರಿನ ಬಾಯಲ್ಲಿ ಮಾತ್ರ ಅದು ಎಂದೂ ದೊಡ್ಡಮಾದಯ್ಯನ ಹೊಲವಾಗಿರಲಿಲ್ಲ. ಕೂಲಿಗೆ ಕರೆಯುವವರು, ಗೊಬ್ಬರ ಇಳಿಸುವವರು, ಕೊನೆಗೆ ಕರೆಂಟಿನ ಲೈನ್‌ಮ್ಯಾನು ಕೂಡ ಎದುರು ಹೊಲ ಎಂದೇ ಹೇಳುತ್ತಿದ್ದರು. ಒಂದು ಹೊಲಕ್ಕೆ ಸ್ವಂತದ ಹೆಸರಿಲ್ಲದಿದ್ದರೆ ಅದರಲ್ಲಿ ದುಡಿದವರಿಗೆ ಏನು ಉಳಿಯಿತು ಎಂದು ಈ ಹುಡುಗಿಗೆ ಯಾವಾಗ ಅನ್ನಿಸಿತೋ, ಅಂದಿನಿಂದ ಮನಸ್ಸು ಗಟ್ಟಿಯಾಗಿತ್ತು.

ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಸ್ತೆ ಆ ಊರಿನ ಹತ್ತಿರ ನೆಟ್ಟಗೆ ತೆಂಕಲಿಗೆ ಹೋಗುತ್ತದೆ. ರಸ್ತೆಯ ಪಡುವಲಿಗೆ ಮರಿಮಲ್ಲಪ್ಪನವರ ಆರು ಎಕರೆ, ಮೂಡಲಿಗೆ ಇವರದು. ಹಾಗಾಗಿ ಅವರ ಹೂವೆಲ್ಲ ರಸ್ತೆಗೆ ಮುಖ ತೋರಿಸಿದರೆ ಇವರ ಹೂವು ಬೆನ್ನು ತೋರಿಸುತ್ತಿತ್ತು. ಕಾರುಗಳು ನಿಲ್ಲುತ್ತಿದ್ದುದು ಅವರ ಕಡೆಗೆ. ಮರಿಮಲ್ಲಪ್ಪನವರು ಹಗ್ಗ ಕಟ್ಟಿ, ಛತ್ರಿಯ ಕೆಳಗೆ ಕುರ್ಚಿ ಹಾಕಿಸಿ, ತಲೆಗೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಒಂದು ವರ್ಷ ಮೂಗಮ್ಮನೂ ಬದುವಿನ ಮೇಲೆ ಗೋಣಿಚೀಲ ಹಾಸಿ ಕೂತು, ಯಾರಿಂದಲೋ ಕಲಿತ ಮಲಯಾಳದಲ್ಲಿ "ವಾ ಚೇಟ್ಟಾ, ವಾ" ಎಂದು ಕೈಬೀಸಿ ಕರೆದಳು. ಒಬ್ಬ ಇಳಿದು ಬಂದ. ಹಸಿರು ಬೆನ್ನುಗಳನ್ನೂ ಬಗ್ಗಿದ ಕತ್ತುಗಳನ್ನೂ ನೋಡಿ, ನಕ್ಕು, ರಸ್ತೆ ದಾಟಿ ಎದುರುಗಡೆಗೆ ಹೋದ. ಮೂಗಮ್ಮ ಗೋಣಿಚೀಲ ಮಡಿಸಿಕೊಂಡು ಮನೆಗೆ ಬಂದವಳು ಮತ್ತೆ ಕೂರಲಿಲ್ಲ.

"ಅದು ಬೆನ್ನು ತೋರಿಸೋ ಹೊಲ ಅಲ್ವೇನಮ್ಮ?" ಎಂದರು ಹೆಡ್‌ಮಾಸ್ಟರ್.

"ರಸ್ತೇಲಿ ನಿಂತ್ರೆ ಸಾ. ಬದಿನ ಮೇಲೆ ಸುತ್ತಾಕ್ಕೊಂಡು ಆ ಕಡೆ ತುದಿಗೋದ್ರೆ ಎಲ್ಲಾ ಮುಖಾನೇ. ಬೆಳಿಗ್ಗೆ ಆರೂವರೆಗೆ ಬಿಸಿಲು ನೇರ ಬೀಳ್ತದೆ. ನಾನು ನೋಡಿವ್ನಿ."

"ಇವರ ಹೂವು ಇಷ್ಟು ತಡ ಯಾಕೆ?" ಎಂದು ಶಿವಶಂಕರ ಕೇಳಿದ. ಮರಿಮಲ್ಲಪ್ಪನವರ ಆರು ಎಕರೆಗೆ ಕೂಲಿಯಾಗಿ ಬಿತ್ತನೆ ಮಾಡಿ ಮುಗಿಸುವ ತನಕ ಅವಳ ಅಪ್ಪ ನಿಂಗರಾಜು, ಅಮ್ಮ, ಅಜ್ಜಿ ಯಾರೂ ತಮ್ಮ ಹೊಲಕ್ಕೆ ಕಾಲಿಡುವಂತಿರಲಿಲ್ಲ. ಪ್ರತಿ ವರ್ಷವೂ ಇವರ ಹೂವು ಹದಿನೈದು ಇಪ್ಪತ್ತು ದಿನ ಹಿಂದೆಯೇ. ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಪದ್ಧತಿ, ವಿವರಿಸಬೇಕಾದದ್ದಲ್ಲ. ಗುರುಪಾದಸ್ವಾಮಿ ಕ್ಯಾಲೆಂಡರಿನ ಕಡೆ ನೋಡಿದರು. ಚಾಮರಾಜನಗರದ ಮನೆಯಿಂದ ಬೆಳಗಿನ ಜಾವ ಐದು ಗಂಟೆಯ ಬಸ್ಸು ಹಿಡಿಯಬೇಕಾದ ಸಂಕಟ ಮುಖದಲ್ಲಿ ಕಾಣಿಸಿತು. "ಮನೇಲಿ ಕೇಳ್ಕೊಂಡು ಬಾ," ಎಂದರು.

ಅಪ್ಪ ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊತ್ತು ಬಂದು ಕಾಲು ಚಾಚಿದ್ದ. "ನಮ್ಮವ್ವನ್ನ ಕೇಳು. ಹೊಲ ಅವ್ಳುದು," ಎಂದುಬಿಟ್ಟ. ಮೂಗಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಮೊಮ್ಮಗಳ ಮಾತನ್ನೆಲ್ಲ ಕೇಳಿಸಿಕೊಂಡಳು, ಮೊರ ನಿಲ್ಲಲಿಲ್ಲ.

"ಅವ್ರ ಹೂವು ಬಗ್ಗೋಯ್ತು ಅಂತ ಈಗ ನಮ್ಮೊಲ ನೆಪ್ಪಾಯ್ತಾ? ಬ್ಯಾಡ ಕಣಮ್ಮಿ. ತುಳುದು ಆಳ್ಮಾಡ್ತರೆ."

"ತುಳಿಯಕಿಲ್ಲ ಅಜ್ಜಿ. ನಾನೇ ನಿಂತ್ಕತಿನಿ ಬದಿನ ಮೇಲೆ."

"ಅವತ್ತಿನಂಗೆ ನಗಕ್ಕೆ ಬತ್ತರೆ, ಅಷ್ಟೆಯ."

ಶಿವರಂಜಿನಿ ಅಜ್ಜಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಅದ್ರಲ್ಲಿ ತಾತನ್ ಹೆಸ್ರ ಬರೀತೀವಿ. ಮುಖಪುಟದಲ್ಲಿರೋ ಹೊಲ ದೊಡ್ಡಮಾದಯ್ಯನವರದು ಅಂತ. ಅಚ್ಚಾಯ್ತದೆ. ಮುನ್ನೂರು ಮನೆಗೆ ಓಯ್ತದೆ."

ಹೀಗೆ ಬರೆಯುತ್ತೇವೆಂದು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಮೊರ ನಿಂತಿತ್ತು. ಮೂಗಮ್ಮ ಬೆರಳ ತುದಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

"ಯಾರ್ ಅಂದ್ರು ಅಂಗಂತ?"

"ನಾನು ಅಂದೆ."

"ನೀನು ಅಂದ್ರೆ ಆಯ್ತಾ? ಮೇಷ್ಟ್ರು ನನ್ನ ಮುಂದೆ ನಿಂತು ಏಳ್ಲಿ, ಆಮೇಲೆ ನೋಡನ."

ಬುಧವಾರ ಆರು ಗಂಟೆಗೆಲ್ಲ ಮಕ್ಕಳು ಬದುವಿನ ಮೇಲೆ ಸಾಲಾಗಿ ನಡೆದರು. ಮಂಜು ಕುಡಿದ ಹುಲ್ಲಿಗೆ ಶೂಗಳೆಲ್ಲ ಒದ್ದೆ. ಹೆಡ್‌ಮಾಸ್ಟರ್ ಪ್ಯಾಂಟನ್ನು ಮಂಡಿಯ ತನಕ ಮಡಿಚಿ, ಹಳ್ಳ ದಾಟುವಾಗ ನಾಗರತ್ನ ಮಿಸ್ಸಿನ ಮುಂದೆ ಜಾರಿ, ಏನೂ ಆಗದವರಂತೆ ಎದ್ದು ಬಂದರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೂ, ಪತ್ರಿಕೆಯ ಅಚ್ಚಿನ ಅರ್ಧ ಖರ್ಚು ಕೊಟ್ಟವರೂ ಆದ ಮರಿಮಲ್ಲಪ್ಪನವರು ಹಣೆತುಂಬ ವಿಭೂತಿ ಧರಿಸಿ, ಬಿಳಿ ಪಂಚೆಯ ತುದಿ ಎತ್ತಿ ಹಿಡಿದು ಹಿಂದೆ ಬರುತ್ತಿದ್ದರು. ಅವರನ್ನು ಬಿಟ್ಟು ಫೋಟೊ ತೆಗೆಸುವ ಧೈರ್ಯ ಹೆಡ್‌ಮಾಸ್ಟರಿಗೆ ಎಲ್ಲಿಂದ ಬರಬೇಕು?

ಮೂಡಲ ತುದಿಗೆ ಬಂದು ಮಕ್ಕಳು ತಿರುಗಿ ನಿಂತರು. ಒಂದೂವರೆ ಎಕರೆಯ ಹೂವೂ ಅವರ ಕಡೆಗೇ ಮುಖ ಮಾಡಿ ನಿಂತಿತ್ತು. ಆಗತಾನೆ ಬಂದ ಬಿಸಿಲು ನೇರ ಅವುಗಳ ಮೇಲೆ ಬಿದ್ದಿತ್ತು. ಜೇನುಹುಳಗಳು ಕೆಲಸ ಶುರುಮಾಡಿದ್ದವು. ದಿನಾ ರಸ್ತೆಯಲ್ಲಿ ಓಡಾಡುವವರು ಯಾರೂ ಈ ಕಡೆಗೆ ಬಂದು ನೋಡಿರಲಿಲ್ಲ.

ಮೂಗಮ್ಮ ಕೈಯಲ್ಲಿ ಕುಡುಗೋಲು ಹಿಡಿದು, ಹೊಲಕ್ಕೂ ಮಕ್ಕಳಿಗೂ ನಡುವೆ ನಿಂತಿದ್ದಳು. ಯಾರನ್ನೂ ಬೆದರಿಸಲು ಅಲ್ಲ, ಹೊಲಕ್ಕೆ ಬರುವಾಗ ಕುಡುಗೋಲು ತರುವುದು ಅವಳ ಅಭ್ಯಾಸ. ಆದರೂ ಶಿವಶಂಕರ ಕ್ಯಾಮೆರಾ ಇಳಿಸಿದ.

"ಮೇಷ್ಟ್ರೆ, ಪುಸ್ತಕದಲ್ಲಿ ನಮ್ಮ ಯಜಮಾನ್ನ ಹೆಸ್ರ ಬರೀತರೆ ಅಂದ್ಲು ಈ ಹುಡುಗಿ. ದಿಟವಾ?"

ಗುರುಪಾದಸ್ವಾಮಿ ಮೊದಲು ಶಿವರಂಜಿನಿಯ ಕಡೆ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಆಮೇಲೆ ಮರಿಮಲ್ಲಪ್ಪನವರ ಕಡೆ ನೋಡಿದರು. ಬಿಸಿಲು ಏರುತ್ತಿತ್ತು.

"ಬರೀರಿ ಮೇಷ್ಟ್ರೆ, ಅದ್ಕೇನು? ದೊಡ್ಡಮಾದಯ್ಯನ ಹೊಲ ಅಲ್ದೆ ಇನ್ಯಾರ್ದು," ಎಂದರು ಮರಿಮಲ್ಲಪ್ಪನವರು ಹಗುರವಾಗಿ. "ಜರುಗು ಮೂಗಿ, ಹೊತ್ತಾಯ್ತದೆ." ಹೇಳಿದವರೇ ಹೋಗಿ ಮಕ್ಕಳ ನಡುಮಧ್ಯೆ ನಿಂತು ಶಲ್ಯ ಸರಿಮಾಡಿಕೊಂಡರು. ಮೂಗಮ್ಮ ಜರುಗಿದಳು. ಶಿವಶಂಕರ ಅವರಿದ್ದ ಫೋಟೊ ಎಂಟು ತೆಗೆದ. ಅವರು ವಾಪಸು ಹೊರಟು ಹಳ್ಳ ದಾಟುವಷ್ಟರಲ್ಲಿ ಮಕ್ಕಳದೇ ನಾಲ್ಕು ತೆಗೆದ.

ಈ ಸಲ ಚಿತ್ರಗಳು ಮೂರೇ ದಿನಕ್ಕೆ ಬಂದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಹಿಂದುಗಡೆ ರಸ್ತೆಯ ಮೇಲೆ ಹೋಗುತ್ತಿದ್ದ ತರಕಾರಿ ಲಾರಿಯೊಂದು ಚಿತ್ರದಲ್ಲಿ ಸೇರಿಕೊಂಡಿತ್ತು. ಶಿವಶಂಕರ ಅದನ್ನು ಅಳಿಸಿ ಅಲ್ಲೊಂದು ಬೆಟ್ಟ ಕೂರಿಸುತ್ತೇನೆಂದ. ಲಾರಿ ಇರಲಿ, ಬೆಟ್ಟ ನಮ್ಮೂರಲ್ಲಿ ಆ ಕಡೆಗಿಲ್ಲ ಎಂದು ಮಂಡಳಿಯ ಐವರೂ ಒಟ್ಟಿಗೆ ಹೇಳಿದರು. ಹೆಡ್‌ಮಾಸ್ಟರ್ ಮಾತ್ರ ಆಗಲೇ ಒಂದನ್ನು ಆರಿಸಿಕೊಂಡಿದ್ದರು. ನಡುವೆ ಮರಿಮಲ್ಲಪ್ಪನವರು, ಅಕ್ಕಪಕ್ಕ ಮಕ್ಕಳು, ಹಿಂದೆ ಹೂವು.

"ಇದು ಬ್ಯಾಡ ಸಾ," ಎಂದಳು ಶಿವರಂಜಿನಿ.

"ಯಾಕೆ? ನಿಮ್ಮ ತಾತನ ಹೆಸರು ಹಾಕ್ತೀವಲ್ಲ, ಒಳಪುಟದಲ್ಲಿ."

"ಒಳಪುಟ ಓದೋರು ಎಷ್ಟು ಜನ ಸಾ? ಮುಖಪುಟ ಎಲ್ಲಾರೂ ನೋಡ್ತರೆ. ಅಧ್ಯಕ್ಷರು ನಡುವೆ ನಿಂತಿದ್ರೆ, ಕೆಳಗೆ ಏನೇ ಬರೆದ್ರೂ ಅವರ ಹೊಲ ಅಂತಾನೇ ಅಂದ್ಕತರೆ."

ಅದು ಅಷ್ಟು ನಿಜವಾಗಿತ್ತೆಂದರೆ ಹೆಡ್‌ಮಾಸ್ಟರಿಗೆ ಸಿಟ್ಟು ಬರಲೂ ಜಾಗವಿರಲಿಲ್ಲ. "ಅಧ್ಯಕ್ಷರನ್ನ ತೆಗೆದುಹಾಕು ಅಂತೀಯಾ? ಅರ್ಧ ದುಡ್ಡು ಅವರದು ಕಣಮ್ಮ."

"ತೆಗೀಬ್ಯಾಡಿ ಸಾ. ಒಳಗಡೆ ಮೊದಲ ಪುಟಕ್ಕೆ ಹಾಕಿ. ಮುಖಪುಟಕ್ಕೆ ಬರೀ ಮಕ್ಕಳು."

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಗುರುಪಾದಸ್ವಾಮಿ. ಸಲಹೆ ಇಷ್ಟವಾಯಿತು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? "ಅವರಿಗೆ ಯಾರು ಹೇಳೋದು?" ಎಂದು ನಾಗರತ್ನರ ಮುಖ ನೋಡಿದರು.

"ನಾನೇ ಏಳ್ಬುಟ್ಟು ಬತ್ತೀನಿ ಸಾ," ಎಂದಳು ಶಿವರಂಜಿನಿ.

ಹೊರಡುವಾಗ ನಾಗರತ್ನ ಮಿಸ್ಸು ಅವಳನ್ನು ಗೇಟಿನ ತನಕ ಬಂದು ನಿಲ್ಲಿಸಿದರು. "ನೋಡು, ಎದುರಿಗೆ ಬಿಸಿಲಿತ್ತಲ್ಲ, ಫೋಟೊದಲ್ಲಿ ಅವರು ಕಣ್ಣು ಮುಚ್ಚಿಬಿಟ್ಟಿದ್ದಾರೆ. ಅಷ್ಟೇ ಹೇಳು. ಕಣ್ಣು ಮುಚ್ಚಿದೆ, ಅದಕ್ಕೆ ಮುಖಪುಟಕ್ಕೆ ಬೇಡ ಅಂತ. ಬೇರೇನೂ ಮಾತಾಡಬೇಡ." ಶಿವರಂಜಿನಿ ತಲೆಯಾಡಿಸಿದಳು. ಒಳ್ಳೆಯ ನೆಪವೇ ಆಗಿತ್ತು.

ಮರಿಮಲ್ಲಪ್ಪನವರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅವರ ಹೆಂಡತಿ ಚಿಕ್ಕಮಲ್ಲಮ್ಮ ಬಾಗಿಲಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ಕೂಲಿಗೆ ಬರುವವರು ನಿಲ್ಲುವ ಜಾಗ ಜಗಲಿಯ ಕೆಳಗೆ, ತೆಂಗಿನ ಮರದ ಹತ್ತಿರ. ಮೂಗಮ್ಮ ನಲವತ್ತು ವರ್ಷದಿಂದ ಅಲ್ಲೇ ನಿಂತು ಮಾತಾಡಿದ್ದಳು. ಶಿವರಂಜಿನಿಯೂ ಮೊದಲು ಅಲ್ಲೇ ನಿಂತಳು.

"ನಿಂಗರಾಜನ ಮಗಳಲ್ವಾ? ಏನಮ್ಮಿ?"

"ಪುಸ್ತಕಕ್ಕೆ ಯಾವ ಫೋಟೊ ಅಂತ ತೋರ್ಸಕ್ಕೆ ಬಂದೆ."

"ಮೇಷ್ಟ್ರು ಕಳ್ಸಿದ್ರಾ?"

"ಇಲ್ಲ. ನಾನೇ ಬತ್ತೀನಿ ಅಂದೆ." ಅಷ್ಟು ದೂರದಿಂದ ಫೋಟೊ ಅವರಿಗೆ ಕಾಣುವಂತಿರಲಿಲ್ಲ. ಅವಳು ಎರಡು ಮೆಟ್ಟಿಲು ಹತ್ತಿ, ಪ್ರಿಂಟುಗಳನ್ನು ಅವರ ಮುಂದೆ ಜಗಲಿಯ ಮೇಲೆ ಪಕ್ಕಪಕ್ಕ ಇಟ್ಟಳು. ಚಿಕ್ಕಮಲ್ಲಮ್ಮ ತಲೆಯೆತ್ತಿ ನೋಡಿದರು.

ಮರಿಮಲ್ಲಪ್ಪನವರು ಎಲೆಯನ್ನು ಬಾಯಿಗಿಟ್ಟು ಬೆರಳು ಒರೆಸಿಕೊಂಡರು. "ಇದ್ರಲ್ಲಿ ನಾನಿವ್ನಿ. ಇದ್ರಲ್ಲಿ ಇಲ್ಲ."

"ನೀವಿರೋದ ಒಳಗಡೆ ಮೊದಲ ಪುಟಕ್ಕೆ ಹಾಕ್ತೀವಿ. ಮುಖಪುಟಕ್ಕೆ ಈ ಮಕ್ಕಳುದು."

"ಅದ್ಯಾಕೆ? ನಾನು ಚೆನ್ನಾಗಿ ಕಾಣಕಿಲ್ವಾ?"

ಕಣ್ಣು ಮುಚ್ಚಿದೆ ಎಂಬ ಮಾತು ಬಾಯಿಯ ತನಕ ಬಂತು. ನೋಡಿದರೆ ನಿಜವಾಗಿಯೂ ಮುಚ್ಚಿತ್ತು. ಅದನ್ನು ಹೇಳಿದ್ದರೆ ಅವರು ನಕ್ಕು ಸುಮ್ಮನಾಗುತ್ತಿದ್ದರು, ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಆ ನೆಪದಲ್ಲಿ ಬಂದ ಮುಖಪುಟ ತನ್ನ ತಾತನಿಗೆ ಸಿಕ್ಕಿದ್ದಾಗುವುದಿಲ್ಲ, ಅವರ ರೆಪ್ಪೆ ಬಿಟ್ಟುಕೊಟ್ಟದ್ದಾಗುತ್ತದೆ ಎಂದು ಅವಳಿಗೆ ಅನ್ನಿಸಿತು.

"ಚೆನ್ನಾಗಿ ಕಾಣ್ತಿರಿ. ನೀವಿದ್ರೆ ನೋಡ್ದೋರು ನಿಮ್ಮೊಲ ಅಂದ್ಕತರೆ. ಅದು ನಮ್ಮುದು."

ಮರಿಮಲ್ಲಪ್ಪನವರ ಅಗಿಯುತ್ತಿದ್ದ ದವಡೆ ನಿಂತಿತು. ಅವಳು ಮೆಟ್ಟಿಲು ಇಳಿಯಲಿಲ್ಲ. ಅವರು ಅವಳನ್ನು ಬಿಟ್ಟು ಫೋಟೊಗಳನ್ನೇ ಬಹಳ ಹೊತ್ತು ನೋಡಿದರು. ಬಾಗಿಲಿನಿಂದ ಚಿಕ್ಕಮಲ್ಲಮ್ಮ, "ಅವ್ಳು ಏಳದು ದಿಟಾನೆ ಅಲ್ವಾ. ನಾನೂ ಈಗ ನೋಡಿ ನಮ್ಮೊಲ ಅಂತಿದ್ದೆ," ಎಂದರು.

"ನೀ ಸುಮ್ಕಿರು." ಹೆಂಡತಿಯನ್ನು ಗದರಿದರು. ಎದ್ದು ಹೋಗಿ ತೆಂಗಿನ ಬುಡಕ್ಕೆ ಉಗುಳಿ ಬಂದರು. ತಾವಿದ್ದ ಚಿತ್ರವನ್ನು ಕೈಗೆತ್ತಿಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಮೂಗಿಗೆ ಇಷ್ಟು ಬಾಯಿರ್ಲಿಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಎರಡನ್ನೂ ಜೋಡಿಸಿ ಅವಳ ಕೈಗೆ ಕೊಟ್ಟರು. "ಒಳಗಡೆ ಹಾಕದು ಬಣ್ಣದ್ದಾಗಿರ್ಲಿ ಅಂತ ಮೇಷ್ಟ್ರಿಗೇಳು. ಕಪ್ಪು ಬಿಳುಪು ಬ್ಯಾಡ."

ಸೆಪ್ಟೆಂಬರ್ ಐದಕ್ಕೆ 'ಮೊಳಕೆ' ಬಂತು. ಮರಿಮಲ್ಲಪ್ಪನವರೇ ರಿಬ್ಬನ್ ಕತ್ತರಿಸಿ ಬಿಡುಗಡೆ ಮಾಡಿದರು. ಮುಖಪುಟದ ತುಂಬ ಹೂವು, ಹೂವಿನ ಮುಂದೆ ಹದಿನೆಂಟು ಮುಖ, ಹಿಂದೆ ಲಾರಿ. ಚಿತ್ರದ ಕೆಳಗೇ, ಒಳಪುಟದಲ್ಲಲ್ಲ, ಒಂದು ಸಾಲು ಇತ್ತು. ಅಲ್ಲಿಗೇ ಬರಬೇಕೆಂದು ನಾಗರತ್ನ ಮಿಸ್ಸು ಪ್ರೆಸ್ಸಿಗೆ ತಾವೇ ಹೋಗಿ ಕೂತು ಹಾಕಿಸಿದ್ದರು.

ಶಿವರಂಜಿನಿ ತನ್ನ ಪ್ರತಿಯನ್ನು ಎದೆಗವಚಿಕೊಂಡು ಶಾಲೆಯಿಂದ ನೇರ ಹೊಲಕ್ಕೆ ಓಡಿದಳು. ತೆನೆ ಕೊಯ್ದು ಆಗಿತ್ತು. ಮೂಗಮ್ಮ ಟಾರ್ಪಾಲಿನ ಮೇಲೆ ಕೂತು ಒಣಗಿದ ತೆನೆಗಳನ್ನು ಒಂದೊಂದಾಗಿ ಬೋರಲು ಹಿಡಿದು ಕೋಲಿನಿಂದ ಬಡಿಯುತ್ತಿದ್ದಳು. ಕಪ್ಪು ಕಾಳು ಸುರಿಯುತ್ತಿತ್ತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು.

"ಎಲ್ಲಿ ಬರ್ದವ್ರೆ? ಓದು."

"ಚಿತ್ರ: ದಿವಂಗತ ದೊಡ್ಡಮಾದಯ್ಯನವರ ಸೂರ್ಯಕಾಂತಿ ಹೊಲ."

"ಇನ್ನೊಂದ್ಸಲ ಓದು."

ಓದಿದಳು. ಮೂಗಮ್ಮ ಚಿತ್ರವನ್ನು ನೋಡುತ್ತ ಕೂತಳು. "ಎಲ್ಲಾರ ಮನೆಗೂ ಓಗದಾ ಇದು?" ಎಂದು ಕೇಳಿದಳು.

"ಎಲ್ಲಾರ ಮನೆಗೂ ಒಂದೊಂದು ಅಜ್ಜಿ. ಇದು ನಮ್ಮನೇದು. ನಿಂಗೆ ಅಂತ ತಂದೆ."

ಮೂಗಮ್ಮ ಪುಸ್ತಕದ ಮೇಲೆ ಬಿದ್ದಿದ್ದ ಹೊಟ್ಟನ್ನು ಊದಿ, ಅದನ್ನು ವಾಪಸು ಚಾಚಿದಳು. "ನಂಗ್ಯಾಕಮ್ಮಿ? ಯಾರೊಲ ಅಂತ ನಂಗೊತ್ತಿಲ್ವಾ? ಗೊತ್ತಿಲ್ದೋರ್ಗೆ ಕೊಡೋಗು."

ಕೋಲು ಎತ್ತಿಕೊಂಡು ಮತ್ತೊಂದು ತೆನೆಗೆ ಕೈಹಾಕಿದಳು. ಕಾಳು ಟಾರ್ಪಾಲಿನ ಅಂಚು ದಾಟಿ ಮಣ್ಣಿಗೆ ಸಿಡಿಯುತ್ತಿತ್ತು. ಶಿವರಂಜಿನಿ ಪುಸ್ತಕವನ್ನು ಬ್ಯಾಗಿಗೆ ಸೇರಿಸಿ, ಶೂ ಕಳಚಿ, ಆ ಅಂಚನ್ನು ಎತ್ತಿ ಹಿಡಿದು ಕೂತಳು.